ಬಾಯಿಕುಕ್ಕೆ

ಕರೂರು ಕೈಗಾರಿಕಾ ಪ್ರದೇಶ, ಮೂರನೇ ಅಡ್ಡರಸ್ತೆ,
ಸೋಯಾ ಸಾಸ್ ಮಾಡುವ ಶೆಡ್ಡು.
ಬೆಂದ ಸೋಯಾಕಾಳು, ಹುರಿದು ಒಡೆದ ಗೋಧಿ,
ಅದರ ಮೇಲೆ ನಾನು ಬಿತ್ತುವುದು ಬೂಷ್ಟು.
ಹೌದು, ಬೂಷ್ಟೇ.
ಸೀಸೆಯಲ್ಲಿ ಬರುತ್ತದೆ, ಬಿಲ್ಲಿನ ಸಮೇತ.

ಮೂರನೇ ದಿನಕ್ಕೆ ತಟ್ಟೆ ತುಂಬ ಎಳೆ ಹಸಿರು.
ಮುಟ್ಟಿದರೆ ಬೆಚ್ಚಗೆ,
ಹೆಸರುಕಾಳು ಮೊಳಕೆ ಬಿಟ್ಟ ಬಟ್ಟೆಗಂಟಿನ ಹಾಗೆ.
ಮೂಸಿದರೆ ಕೆಂಡದಲ್ಲಿ ಸುಟ್ಟ ಗೆಣಸು.

ಕೆಲಸ ಕಲಿಸಲು ಬಂದಿದ್ದ ಮೇಡಂ ಹೇಳಿದ್ದರು:
ಇದರ ಒಡಹುಟ್ಟು ಒಂದು ಹೊಲದಲ್ಲಿದೆ,
ಶೇಂಗಾದಲ್ಲಿ, ಮೆಕ್ಕೆಜೋಳದ ತೆನೆಯಲ್ಲಿ.
ಅದು ವಿಷ ಕಟ್ಟುತ್ತದೆ,
ಉಂಡವರ ಪಿತ್ತಕೋಶದ ನೆರೆಯಲ್ಲಿ ಕೂತು
ವರ್ಷಗಟ್ಟಲೆ ಕಾಯುತ್ತದೆ.
ಇದಕ್ಕೂ ಆ ಪಾಠ ಗೊತ್ತು.
ಒಡಲೊಳಗೆ ಅಕ್ಷರ ಅಕ್ಷರ ಬರೆದಿದೆ.
ತಲತಲಾಂತರ ಮನುಷ್ಯರ ಅಡುಗೆಮನೆಯಲ್ಲಿ ದುಡಿದು
ಓದುವುದನ್ನು ಮರೆತಿದೆ, ಅಷ್ಟೆ.

ನನಗೆ ನೆನಪಾದದ್ದು ಜಗಳೂರಿನ ನಮ್ಮ ಕಣ.
ಹಂತಿ ತುಳಿಯುವ ಎತ್ತಿನ ಬಾಯಿಕುಕ್ಕೆ.
ಹಸಿವು ಹೋಗಿರಲಿಲ್ಲ ಅದಕ್ಕೆ,
ಹಲ್ಲೂ ಹೋಗಿರಲಿಲ್ಲ.
ಮಧ್ಯೆ ಒಂದಿಷ್ಟು ಹುರಿಯ ಬಲೆ.

ಕಾರ್ತೀಕ ಬಂತೆಂದರೆ ಬೈಪಾಸಿನ ಸರ್ವಿಸ್ ರಸ್ತೆ
ಲಾರಿಗಳದ್ದಲ್ಲ, ಮೆಕ್ಕೆಜೋಳದ್ದು.
ಈ ಸಲ ಒಣಹಾಕಿದ್ದು ಮೂರು ಸಲ ನೆಂದಿತು.
ನೆಂದದ್ದನ್ನು ಗುದ್ದಲಿಯಲ್ಲಿ ಮಗುಚಿದರೆ
ಹೊಗೆಯಂಥ ಧೂಳು,
ನಮ್ಮ ಕಿಟಕಿಯ ಜಾಳಿಗೆಯಲ್ಲಿ ತೂರಿ ಬರುತ್ತದೆ.
ಧೂಳಿನ ಜೊತೆ ಯಾರು ಬಂದರೋ.
ಅದೂ ಹಸಿರು, ಇದೂ ಹಸಿರು,
ರೇಷನ್ ಕಾರ್ಡು ತೋರಿಸು ಅನ್ನಲಾಗದು.

ಬುಧವಾರ ರಾತ್ರಿಪಾಳಿ. ನಲವತ್ತೊಂದನೇ ತಟ್ಟೆ.
ಬಾಗಿಲು ಹಾಕಿ, ಟ್ಯೂಬ್‌ಲೈಟ್ ಆರಿಸಿ,
ನೇರಳೆ ದೀಪ ಹಚ್ಚಿದೆ.
ಮೊದಲು ಹೊಳೆದದ್ದು ನನ್ನದೇ ತೋಳು!
ಮೊನ್ನೆ ಒಗೆದ ಬಿಳಿ ಏಪ್ರನ್ನು,
ಸೋಪಿನಪುಡಿಯ ನೀಲಿ.
ಬಿಚ್ಚಿ ಹೊರಗೆಸೆದೆ. ಬಾಯಿ ಮುಚ್ಚಿ ಹಲ್ಲು ಮರೆಸಿದೆ.
ಉಗುರು ಮಡಚಿದೆ.
ಆಮೇಲೂ ತಟ್ಟೆಯ ಅಂಚಿಗೆ
ಸಾಸಿವೆಯಷ್ಟು ನೀಲಿ ಉಳಿದೇ ಇತ್ತು.

ಬೆಳಿಗ್ಗೆ ಬಕ್ಕೇಶಣ್ಣ ಬಂದರು. ಬೈಯಲಿಲ್ಲ.
ತಟ್ಟೆ ಎತ್ತಿ ಕಣ್ಣು ಮುಚ್ಚಿ ಮೂಸಿದರು.
"ಘಮ ಚಲೋ ಐತಲ್ಲವ್ವಾ ತಿಪ್ಪಮ್ಮ?"
ಐತಿ ಅಣ್ಣಾ. ಇದಕ್ಕೆ ವಾಸನೆಯಿಲ್ಲ.
ಕುದಿಸಿದರೂ ಜಗ್ಗುವ ಪೈಕಿ ಅಲ್ಲ.
"ನಮ್ಮದೇ ಬಾಯಿ ಬಿಟ್ತೋ, ಹೊರಗಿಂದು ಬಂದು ಕುಂತೈತೋ?"
ಗೊತ್ತಿಲ್ಲ.
ನೀಲಿಯೆಲ್ಲ ವಿಷವಲ್ಲ,
ವಿಷವೆಲ್ಲ ನೀಲಿಯಾಗಿ ಕಾಣುವುದೂ ಇಲ್ಲ.
ದೊಡ್ಡ ಲ್ಯಾಬಿಗೆ ಕಳಿಸಿದರೆ ಹನ್ನೆರಡು ದಿನ.

ಪಿ.ಬಿ. ರಸ್ತೆಯ ಗೋಬಿ ಗಾಡಿ ಇಲಿಯಾಸನದು ಎರಡು ಫೋನು.
"ಅಕ್ಕಾ, ಕ್ಯಾನು ಖಾಲಿ."

ಮನೆಗೆ ಬಂದರೆ ಅವ್ವ
ನಿಂಬೆ ಉಪ್ಪಿನಕಾಯಿ ಜಾಡಿ ವಾಲಿಸಿಕೊಂಡು
ಚಮಚದಲ್ಲಿ ಬಿಳಿಯದನ್ನು ಎತ್ತಿ ಎತ್ತಿ ಹಾಕುತ್ತಿದ್ದಳು.
"ಮ್ಯಾಲಿಂದು ತಗದ್ರೆ ಆತು, ಕೆಳಗ ಚಲೋ ಐತಿ."
ಕೆಳಗೆ ಬೇರಿದೆ ಅವ್ವಾ.
ಅಂದುಕೊಂಡೆ, ಅನ್ನಲಿಲ್ಲ.
ಅರವತ್ತೆಂಟು ವರ್ಷ ಹೀಗೇ ಉಂಡವಳು,
ನನ್ನನ್ನೂ ಇದೇ ಚಮಚದಲ್ಲಿ ಬೆಳೆಸಿದವಳು.
ರೊಟ್ಟಿಯ ಮಗ್ಗುಲಿಗೆ ಒಂದು ಹೋಳು ಇಟ್ಟಳು.
ರೊಟ್ಟಿ ಉಂಡೆ. ಹೋಳು ಹಾಗೇ ಇತ್ತು.
ಅವಳು ನೋಡಿದಳು.

ಈಗ ಏಳು ಡ್ರಮ್ಮಿಗೆ ಕೆಂಪು ಚೀಟಿ,
'ತಡೆ' ಎಂದು ನನ್ನ ಅಕ್ಷರ,
ಕೆಳಗೆ ಬಕ್ಕೇಶಣ್ಣನ ಓರೆ ಸಹಿ.
ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದ್ದೇನೆ.
ಆಚೆ ರಸ್ತೆಯಲ್ಲಿ ಜೋಳ ಮಗುಚುವ ಸದ್ದು, ಬರ್ ಬರ್ ಬರ್.

ಫ್ರಿಜ್ಜಿನಲ್ಲಿ ಹೊಸ ಸೀಸೆಯ ಬೀಜ ಮಲಗಿದೆ.
ಹತ್ತಿರ ಯಾರೂ ಗಟ್ಟಿಯಾಗಿ ಓದಬೇಡಿ.