ಕುಕ್ಕರುಗಾಲು

ಬಾಗಿಲು ಹಾಕು ಹುಡುಗಾ, ಗಾಳಿ ಬರುತ್ತೆ, ಎಂದಳು.
ಅಷ್ಟರಲ್ಲಿ ಕೋಣೆಯೊಳಗೆ ಒಂಬತ್ತು ಜನ
ನನ್ನ ಪರದೆಯತ್ತ ಕತ್ತು ಚಾಚಿ.
ನಾನೇ ಕರೆದಿದ್ದೆ. ಆಮೇಲೆ ನಾಚಿಕೆಯಾಯಿತು.

ಒಬ್ದೂಲಿಯಾ, ಅರವತ್ತೊಂದು.
ಮಾಲ್ಪಿಕಾದ ಬಂದರಿನಲ್ಲಿ ಹರಿದ ಬಲೆ ಹೆಣೆಯುವವಳು.
ನೇರಳೆ ತಿಂದಂಥ ತುಟಿ,
ತಮಟೆಕೋಲಿನ ಗಂಟಿನಂತೆ ಉಬ್ಬಿದ ಬೆರಳ ತುದಿ.
ಇಂಥ ಎದೆಯನ್ನು ಕೊರುನ್ಯಾದ ಈ ಆಸ್ಪತ್ರೆಯಲ್ಲಿ ನಾನು
ತೊಟ್ಟಿಲ ಕೂಸುಗಳಲ್ಲಷ್ಟೆ ಕಂಡದ್ದು, ಹೊಲಿಗೆ ಬೀಳುವ ಮುನ್ನ:
ನಡುಗೋಡೆಯಲ್ಲಿ ತೂತು,
ಶ್ವಾಸಕೋಶದ ದಾರಿಯೋ ಸೂಜಿಗಣ್ಣು,
ಅದರೊಳಗೆ ನೂಕಿ ನೂಕಿ ರಟ್ಟೆ ಬಲಿತ ಬಲಗೋಡೆ,
ಎರಡೂ ಕೋಣೆಗಳ ಮೇಲೆ ಕಾಲು ಹಾಕಿ ನಿಂತ ಮಹಾಧಮನಿ.
ನಾಲ್ಕೂ ಇದ್ದವು. ಚಾಕು ಮುಟ್ಟಿರಲಿಲ್ಲ.

ಹನ್ನೆರಡು ದಾಟುವುದಿಲ್ಲ ಅಂದಿದ್ದರಂತೆ ಊರ ಡಾಕ್ಟರು.
ಅಮ್ಮ ಅಳಲಿಲ್ಲ. ಆದರೆ ಅವತ್ತಿನಿಂದ
ಅಣ್ಣಂದಿರಿಗೆ ಒಂದು ಅಳತೆ ದೊಡ್ಡ ಬೂಟು, ಬೆಳೆಯುತ್ತಾರೆಂದು;
ಇವಳಿಗೆ ಕಾಲಿಗೆ ಸರಿಯಾಗಿ.
"ವರ್ಷಾ ವರ್ಷಾ ಹೊಸ ಬೂಟು ನನಗೆ.
ಅವರಿಗೆ ಹೊಟ್ಟೆಯುರಿ."

ಏರು ಹತ್ತುವಾಗ ಉಸಿರು ಕಟ್ಟಿತೋ,
ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂರುವುದು. ಯಾರೂ ಕಲಿಸಿದ್ದಲ್ಲ.
ಮಂಡಿ ಎದೆಗೊತ್ತಿದರೆ ನೆತ್ತರು ದಾರಿ ಬದಲಿಸಿ
ಆ ಸೂಜಿಗಣ್ಣಿನಲ್ಲಿ ನುಸುಳುತ್ತದೆ.
ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು
ಅವಳ ಮಂಡಿಗೆ ಮೂರನೇ ವರ್ಷಕ್ಕೇ ಗೊತ್ತಿತ್ತು.
ನೆಲದಲ್ಲಿ ಕೂತೇ ಮಾಡುವ ಕೆಲಸ ಊರಲ್ಲಿ ಒಂದೇ.
ಹಾಗೆ ಬಲೆಗೆ ಬಿದ್ದೆ, ಎಂದು ನಕ್ಕಳು.

ಆ ಡಾಕ್ಟರ ಮಣ್ಣಿಗೂ ಹೋಗಿದ್ದಳಂತೆ.
"ಏರಿನಲ್ಲಿ ಎರಡು ಸಲ ಕೂತೆ.
ಪೆಟ್ಟಿಗೆ ಹೊತ್ತವರೂ ನಿಂತರು,
ನನಗಾಗಿ ಅಲ್ಲ, ಅವರಿಗೂ ಏದುಸಿರು."

ತೂತು ಎಷ್ಟಗಲ ಎಂದು ಕೇಳಿದಳು.
ಹದಿನೆಂಟು ಮಿಲಿಮೀಟರ್.
ಹೆಬ್ಬೆರಳು ತೋರುಬೆರಳ ನಡುವೆ ಗಾಳಿಯಲ್ಲಿ ಅಳೆದಳು:
"ಬೂತಾಯಿ ಹಿಡಿಯಬಹುದು.
ತೂತು ಅಂತ ಯಾಕನ್ನುತ್ತೀ?
ಬಲೆಯಲ್ಲಿ ಅದಕ್ಕೆ ಕಣ್ಣು ಅನ್ನುತ್ತೇವೆ."

ದೊಡ್ಡ ಡಾಕ್ಟರು ಆಪರೇಷನ್ ಮಾತೆತ್ತಿದರು.
ಸೂರೆಮೀನಿನ ಕಾಲ ಮುಗಿಯಲಿ, ನೋಡೋಣ, ಎಂದಳು;
ಜೆಲ್ಲು ಒರೆಸಿ, ಗುಂಡಿ ಹಾಕಿಕೊಂಡಳು, ಮೇಲಿನಿಂದ ಕೆಳಕ್ಕೆ, ನಿಧಾನ.

ಲಿಫ್ಟು ಕೆಟ್ಟಿತ್ತು.
ಎರಡನೇ ಮಹಡಿಯ ತಿರುವಿನಲ್ಲಿ ಕೂತಿದ್ದಳು,
ಅರ್ಧ ದಾರಿಯಲ್ಲಿ, ಗೋಡೆಗೆ ಒರಗದೆ.
ಕುರ್ಚಿ ತರಲೇ ಎಂದೆ. ತಲೆಯಾಡಿಸಿದಳು.
ಏನು ಮಾಡಲೂ ತೋಚದೆ ಪಕ್ಕದಲ್ಲಿ ನಾನೂ ಕೂತೆ.
ಎರಡು ನಿಮಿಷಕ್ಕೇ ನನ್ನ ಮಂಡಿ ನಡುಗಿತು.