ಪೋರ್ಟ್ ನಂಬರ್ ಒಂಬತ್ತು

ಲ್ಯಾಬಿನಲ್ಲಿ ನಾಲ್ಕು ದಿನದಿಂದ ನೆಟ್ ಇಲ್ಲ.
ಹದಡಿ ರಸ್ತೆ ಅಗೆಯುವವರು ಕೇಬಲ್ ಕಡಿದಿದ್ದಾರೆ,
ಗುದ್ದಲಿಗೇನು ಗೊತ್ತು.
ಆದರೂ ಏಳನೇ ಪ್ರಯೋಗ ನಿಲ್ಲುವಂತಿಲ್ಲ:
ಇದಕ್ಕೆ ತಂತಿ ಬೇಡ,
ತಂತಿ ಇದೆ ಅಂತ ಬರೆದರೆ ಸಾಕು.

ಮೊದಲು ಎರಡು ನೋಡ್ ಮಾಡಿ, ಅಂದೆ.
ನೋಡು ಅಲ್ಲ, ನೋಡ್.
ಪ್ರತಿ ವರ್ಷ ನಗುವ ಜಾಗದಲ್ಲಿ ಈ ವರ್ಷವೂ ನಕ್ಕರು.
ನಡುವೆ ಒಂದು ಗೆರೆ,
ದಾಟಲು ಎರಡು ಮಿಲಿಸೆಕೆಂಡ್,
ಆ ತುದಿಗೊಂದು ಈ ತುದಿಗೊಂದು ವಿಳಾಸ.
ಈ ಕಡೆ ಕೇಳುವ ಕ್ಲೈಂಟ್, ಆ ಕಡೆ ಕೊಡುವ ಸರ್ವರ್.
ಕೊಡುವವನು ಕೂರುವುದು ಒಂಬತ್ತನೇ ಪೋರ್ಟಿನಲ್ಲಿ.
ಕೇಳಿದ್ದನ್ನು ಕೇಳಿದಂತೆಯೇ ಹಿಂದಿರುಗಿಸುವುದು,
ಅಷ್ಟೇ ಅವನ ಉದ್ಯೋಗ.

ಮೆಹಜಬೀನಳ ಪರದೆ ಮಾತ್ರ ಅರ್ಧಕ್ಕೇ ಸುಮ್ಮನಾಯಿತು.
ಕಳಿಸಿದೆ ಅನ್ನುತ್ತದೆ,
ಸಿಕ್ಕಿತು ಅನ್ನುವವರಿಲ್ಲ.
"ಮೇಡಂ, ಸಾವಿರದ ಇಪ್ಪತ್ನಾಲ್ಕು ಬೈಟು
ಎಲ್ಲಿ ಹೋಯ್ತು?"

ಬಗ್ಗಿ ನೋಡಿದೆ. ಕ್ಲೈಂಟು ಒಂದನೇ ಸೆಕೆಂಡಿಗೇ ಹೊರಟಿದೆ,
ಸರ್ವರ್ ಏಳುವುದು ಎರಡಕ್ಕೆ.
ತಲುಪಿದೆ ಕಣೆ,
ಬಾಗಿಲಲ್ಲಿ ಯಾರೂ ಇರಲಿಲ್ಲ.

ಇದು ನನಗೆ ಪುಸ್ತಕದಿಂದ ಬಂದದ್ದಲ್ಲ.
ಎಂಟು ವರ್ಷದವಳ ಕೈಯಲ್ಲಿ ಮೂರಂತಸ್ತಿನ ಡಬ್ಬಿ,
ಹತ್ತಿ ಗಿರಣಿಯ ಹಸಿರು ಗೇಟು.
ರೊಟ್ಟಿ ಬಿಸಿ ಆರುವ ಮೊದಲೇ ಅಪ್ಪ ಉಣ್ಣಲಿ ಅಂತ
ಓಣಿಯುದ್ದಕ್ಕೂ ಓಡಿದರೆ
ಸೈರನ್ನಿಗಿಂತ ಮೊದಲು ಕಬ್ಬಿಣಕ್ಕೆ ಕಿವಿಯಿಲ್ಲ.
ಕಿಂಡಿಯೊಳಗಿಂದ ಹಾಲಸ್ವಾಮಿಯ ಬೀಡಿ ಹೊಗೆಯಷ್ಟೇ
ಹೊರಗೆ ಬರುತ್ತಿತ್ತು.
ನಿಂತು ನಿಂತು ಕಲಿತೆ:
ಮೊದಲು ಅವರು ಏಳಬೇಕು,
ಆಮೇಲೆ ನೀನು ಹೊರಡಬೇಕು.
ಈಗ ಅಲ್ಲಿ ಗಿರಣಿಯಿಲ್ಲ. ಗೇಟಿದೆ.
ವಿಳಾಸ ಸರಿ, ಬಾಗಿಲೂ ಸರಿ,
ಕೇಳಿಸಿಕೊಳ್ಳುವ ಪ್ರೋಗ್ರಾಮು ಮಾತ್ರ ಯಾವತ್ತೋ ನಿಂತಿದೆ.

ಇದನ್ನೆಲ್ಲ ಹೇಳಲಿಲ್ಲ ಅವಳಿಗೆ.
ಸರ್ವರ್ ಒಂದು, ಕ್ಲೈಂಟ್ ಎರಡು, ಇಬ್ಬರೂ ಹತ್ತಕ್ಕೆ ನಿಲ್ಲಲಿ,
ಅಂದು ಮುಂದಿನ ಬೆಂಚಿಗೆ ಹೋದೆ.
ಹಿಂದೆ ಕೀಲಿ ಒತ್ತಿದ ಸದ್ದು.
ಹತ್ತು ಸೆಕೆಂಡಿನ ಒಂದು ಲೋಕ
ರೆಪ್ಪೆ ಬಡಿಯುವಷ್ಟರಲ್ಲಿ ಹುಟ್ಟಿ, ಮಾತಾಡಿ, ಮುಗಿಯಿತು.

ಮಂಗಳವಾರ ರೆಕಾರ್ಡ್ ಪುಸ್ತಕ ಬಂತು.
ಅಕ್ಷರ ಅಚ್ಚುಕಟ್ಟು, ಚಿತ್ರ ಸರಿ,
ಹೋದದ್ದು ಸಾವಿರದ ಇಪ್ಪತ್ನಾಲ್ಕು ಬೈಟು,
ಬಂದದ್ದು
ಸಾವಿರದ ಇಪ್ಪತ್ತೈದು.

ಕೆಂಪು ಪೆನ್ನು ತೆಗೆದೆ. ಕೈತಪ್ಪೋ?
"ಇಲ್ಲ ಮೇಡಂ, ಸರ್ವರಿನ ಕೋಡೇ ತೆಗೆದು ತಿದ್ದಿದೆ.
ನಮ್ ಭಟ್ಟಿ ಕಡೆ, ಪಕ್ಕದ ಮನೇರ ಬಟ್ಲು
ಖಾಲಿ ವಾಪಸ್ ಕೊಡಬಾರ್ದು ಅಂತಾರೆ ಅಮ್ಮಿ.
ಏನೂ ಇಲ್ಲಾಂದ್ರೆ ಒಂದ್ ಹಿಡಿ ಮಂಡಕ್ಕಿ."

ಎಕೋ ಅಂದರೆ ಹಾಗಲ್ಲ, ಅನ್ನಬೇಕಿತ್ತು.
ಕೊಟ್ಟದ್ದೇ ಬರಬೇಕು,
ಹೆಚ್ಚಿಲ್ಲ, ಕಡಿಮೆಯಿಲ್ಲ.
ಹೊರಗಿನಿಂದ ಬರುವ ಪರೀಕ್ಷಕರಿಗೆ
ಮಂಡಕ್ಕಿಯ ಲೆಕ್ಕ ತಿಳಿಯದು, ಅನ್ನಬೇಕಿತ್ತು.
ಅಷ್ಟರಲ್ಲಿ ಎಲ್ಲಿಂದಲೋ ನೆನಪಾಯಿತು:
ಮಧ್ಯಾಹ್ನ ಒಂದಕ್ಕೆ ಕೈಗೆ ಬರುತ್ತಿದ್ದ ಹಗುರ ಡಬ್ಬಿ,
ಮೇಲಂತಸ್ತು ಬಿಚ್ಚಿದರೆ ಕೆಲವು ದಿನ
ಚಿಟಿಕೆಯಷ್ಟು ಹತ್ತಿ,
ನನ್ನ ಗೊಂಬೆಯ ದಿಂಬಿಗೆ.

ಹತ್ತಕ್ಕೆ ಒಂಬತ್ತು ಹಾಕಿದೆ.
ಒಂದನ್ನು ಯಾಕೆ ಕಡಿದಿರಿ ಅಂತ ಅವಳೂ ಕೇಳಲಿಲ್ಲ.
ಕಿಟಕಿಯಾಚೆ ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕೂತು
ಯಾರೋ ಕೇಬಲಿನ ಎರಡು ತುದಿ ಹಿಡಿದು
ಯಾವುದು ಯಾವುದಕ್ಕೆ ಅಂತ
ಬಣ್ಣ ನೋಡುತ್ತಿದ್ದರು.