ಗೋಡೆ ಬದಿಯ ಲೆಕ್ಕ

ರೂಮಿನ ಬಾಡಿಗೆ ಎರಡೂವರೆ ಸಾವಿರ, ಹೊಗೆ ಬಿಟ್ಟಿ.
ಕೆಳಗೆ ಬುಡೇನ್ ಸಾಬರ ಮಂಡಕ್ಕಿ ಭಟ್ಟಿ,
ಮೇಲೆ ನಾನು, ನನ್ನ ಲ್ಯಾಪ್‌ಟಾಪು,
ತೋಳಹುಣಸೆಯ ಕಂಪ್ಯೂಟರಿಗೆ ಇಲ್ಲಿಂದ ಎಳೆದ
ನೂಲಿನಷ್ಟು ತೆಳುವಾದ ನೆಟ್‌ವರ್ಕು.

ರಾತ್ರಿ ಎರಡು ಅಂತಸ್ತಿನಲ್ಲೂ ಬೆಂಕಿ.
ಅವರದು ಭತ್ತದ ಹೊಟ್ಟಿನದು, ಕೆಮ್ಮು ಬರಿಸುವಂಥದು.
ನನ್ನದು ಬರೀ ಅಂಕಿಗಳದು:
ಅಯಸ್ಕಾಂತದ ಉಂಗುರದೊಳಗೆ ತೇಲಿಬಿಟ್ಟ,
ಯಾವ ಪಾತ್ರೆಯೂ ಹಿಡಿಯಲಾರದ
ಹತ್ತು ಕೋಟಿ ಡಿಗ್ರಿ.

ನಡುವಿನ ಬೆಂಕಿಗೆ ಬೇರೆಯವರಿದ್ದಾರೆ, ದೊಡ್ಡವರು.
ನನಗೆ ಕೊಟ್ಟಿರುವುದು ಅಂಚು,
ಗೋಡೆಗೆ ಇನ್ನು ನಾಲ್ಕು ಬೆರಳು ಎನ್ನುವಲ್ಲಿ
ಪ್ಲಾಸ್ಮಾ ಮರ್ಯಾದೆ ಬಿಡುವ ಜಾಗ.
ಗ್ರಂಥದ ಕನ್ನಡದಲ್ಲಿ ಅದಕ್ಕೆ ಪ್ರಕ್ಷುಬ್ಧತೆ ಎನ್ನುತ್ತಾರೆ.
ನಾನು ಕದಡು ಅಂತೀನಿ.
ಸುಳಿ ಪಕ್ಕದ ಸುಳಿಯನ್ನು ತಿಂದು ದಪ್ಪಗಾಗಿ
ಇದ್ದಕ್ಕಿದ್ದಂತೆ ಒಂದು ಗುಪ್ಪೆ ಕಿತ್ತುಕೊಂಡು
ಗೋಡೆಯತ್ತ ಹಾರುತ್ತದೆ.
ಅದು ಬದುಕುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲು.
ಅಷ್ಟನ್ನು ನೋಡಲು ನನಗೆ ಹನ್ನೊಂದು ದಿನ ಬೇಕು.

ನಲವತ್ತೊಂದು ಸಾವಿರದ ಇನ್ನೂರ ಏಳನೆಯ ಹೆಜ್ಜೆ.
ಮೂರು ಸಲ ಓಡಿಸಿದೆ, ಮೂರು ಸಲವೂ ಅಲ್ಲೇ
ಗೋಡೆ ಬದಿಯ ಒಂದು ಚೌಕದಲ್ಲಿ
ಸಾಂದ್ರತೆ ಸೊನ್ನೆಗಿಂತ ಕೆಳಗಿಳಿಯಿತು.
ಏನೂ ಇಲ್ಲದ್ದಕ್ಕಿಂತ ಕಡಿಮೆ ಇರುವ ವಸ್ತು!
ಅಲ್ಲಿಂದ ಪಕ್ಕದ ಚೌಕಕ್ಕೆ, ಅದರ ಪಕ್ಕದ್ದಕ್ಕೆ
ಗಾಳಿಸುದ್ದಿಯಂತೆ ಹಬ್ಬಿ, ಪರದೆ ತುಂಬ
ಸಂಖ್ಯೆಯಲ್ಲ ಸಂಖ್ಯೆಯಲ್ಲ ಸಂಖ್ಯೆಯಲ್ಲ.

ಮೂರೂವರೆಗೆ ಚಹಾದ ಆಸೆಗೆ ಕೆಳಗಿಳಿದೆ.
ಬಾಂಡಲಿಯ ಮರಳು ಕೆಂಪಗಿರಲಿಲ್ಲ, ಬೂದು.
ದಾದಾಪೀರ ಉಪ್ಪು ಹಚ್ಚಿದ ಅಕ್ಕಿ ಒಂದು ಬೊಗಸೆ ಎರಚಿದ.
ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ.
ಆಮೇಲೆ ಎಲ್ಲ ಒಟ್ಟಿಗೆ ಪಟಪಟ ಎದ್ದವು,
ಕೆಲವು ಬಾಂಡಲಿ ದಾಟಿ ನನ್ನ ಚಪ್ಪಲಿ ತನಕ.

"ಎಷ್ಟು ಬಿಸಿ ಐತಿ ಇವತ್ತು ನಿಮ್ದು?" ಕೇಳಿದ, ದಿನಾ ಕೇಳುವಂತೆ.
ಹೇಳಿದೆ.
"ಹಂಗಾರೆ ಹೊಟ್ಟು ಬಾಳ ಬೇಕು ಬಿಡ್ರಿ."

ಜರಡಿ ಹಿಡಿದ ಹುಸೇನಬಿ ನಗಲಿಲ್ಲ. ಅವಳಿಗೆ ಬೇರೆ ಸಿಟ್ಟು.
ಬಾಂಡಲಿಯ ಅಂಚಿಗೆ ಬಡಿದ ಅಕ್ಕಿ
ಅರಳದೆ, ತಣ್ಣಗಾಗಿ, ಮತ್ತೆ ಮರಳಿಗೇ ಉದುರಿ
ಮುಂದಿನ ಒಬ್ಬೆಯ ಬಿಸಿ ಕುಡಿಯುತ್ತಿತ್ತು.
"ಈ ಗ್ವಾಡೆ ತಿಂದಿದ್ದು ನುಂಗಲ್ಲ ನೋಡ್ರಿ,
ತಿರುಗಿ ಒಳಗೇ ಉಗುಳ್ತತಿ."
ಹಾಳಾದ ಒಬ್ಬೆಗೆ ಅವಳ ಕೂಲಿಯಲ್ಲಿ ಮುರಿಯುತ್ತಿದ್ದರು,
ಅದಕ್ಕಾಗಿ ಆಡಿದ ಮಾತು. ಭೌತಶಾಸ್ತ್ರವಲ್ಲ.
ಚಹಾ ಕುಡಿದೆ, ಒಂದು ಹಿಡಿ ಬಿಸಿ ಮಂಡಕ್ಕಿ ತಿಂದೆ,
ಹೋಗಿ ಮಲಗಿದೆ.

ಬೆಳಿಗ್ಗೆ ತೋಳಹುಣಸೆ ಬಸ್ಸಿನಲ್ಲಿ
ಕಂಡಕ್ಟರು ಐದು ರೂಪಾಯಿ ತಿರುಗಿ ಕೊಡುವಾಗ
ಕೈ ಚಾಚಿದವನು ಹಾಗೇ ನಿಂತೆ.
ನನ್ನ ಗೋಡೆ ಯಾರಿಗೂ ಏನೂ ತಿರುಗಿ ಕೊಡುವುದಿಲ್ಲ.
ಬಂದದ್ದನ್ನೆಲ್ಲ ನುಂಗಿ ಸುಮ್ಮನಿರುವ ಗೋಡೆ:
ಎರಡು ವರ್ಷದ ಹಿಂದೆ, ಸಲೀಸೆಂದು,
ನಾನೇ ಬರೆದ ಒಂದು ಸಾಲು.
ನಿಜದ ಗೋಡೆಗೆ ಬಡಿದ ಕಣ
ವಿದ್ಯುತ್ತು ಕಳೆದುಕೊಂಡು, ತಣ್ಣಗೆ,
ಅಯಸ್ಕಾಂತದ ಕಣ್ಣಿಗೆ ಬೀಳದ ಹಾಗೆ
ಒಳಗೆ ನುಸುಳಿ ಬಿಸಿ ಕುಡಿಯುತ್ತದೆ.
ಪುಸ್ತಕದಲ್ಲಿ ಇತ್ತು. ಓದಿದ್ದೆ.
ಪರೀಕ್ಷೆಯಲ್ಲಿ ಬರೆದು ಅಂಕವೂ ಪಡೆದಿದ್ದೆ.

ಸಾಲು ತಿದ್ದಿದೆ. ನಲವತ್ತೊಂದು ಸಾವಿರ ದಾಟಿತು.
ಐವತ್ತು ದಾಟಿತು. ಗುಪ್ಪೆಗಳು ಕೊಂಚ ಸಣ್ಣವಾದವು,
ಹಾರುವ ಮೊದಲು ಅನುಮಾನಿಸಿದವು.
ಅರವತ್ತಾರು ಸಾವಿರದ ಒಂಬೈನೂರರಲ್ಲಿ
ಬೇರೆ ಯಾವುದೋ ಮೂಲೆಯಲ್ಲಿ ಸತ್ತಿತು.

ಹುಸೇನಬಿಗೆ ಹೇಳಬೇಕೆನಿಸಿತು. ಹೇಗೆ ಹೇಳುವುದು?
"ಗೋಡೆ ಉಗುಳ್ತದೆ ಅಂತ ಲೆಕ್ಕಕ್ಕೆ ಸೇರಿಸಿದೆ" ಅಂದೆ.
ಅವಳು ಜರಡಿ ನಿಲ್ಲಿಸಿದಳು.
"ಹೌದಾ? ಹಂಗಾರೆ ಬುಡೇನ್ ಸಾಬ್ರಿಗೂ
ಅದನ್ನೇ ಒಂದು ಚೀಟಿ ಬರಕೊಡ್ರಿ."

ಕೊಡುತ್ತೇನೆಂದೆ. ಇನ್ನೂ ಕೊಟ್ಟಿಲ್ಲ.
ಮೇಲೆ ಹೊಸ ಓಟ, ಹನ್ನೆರಡು ಸಾವಿರದ ಹೆಜ್ಜೆ,
ಕಿಟಕಿ ಸಂದಿಯಿಂದ ಹೊಗೆ.